ಅರ್ಧ ಟ್ಯಾಂಕರು ಸಿಹಿನೀರು

ಮೆಹರ್ ಬಾನುವಿನ ಬಲಗೈ ಬೆರಳುಗಳು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಶ್ರೀನಿವಾಸಪುರದಿಂದ ಮುಳಬಾಗಿಲಿನ ಕಡೆ ಎರಡು ಮೈಲಿ ಹೋದರೆ ಒಂದು ಉಪ್ಪಿನಕಾಯಿ ಕಾರ್ಖಾನೆ ಸಿಗುತ್ತದೆ. ಅಲ್ಲಿ ಆಕೆ ಹತ್ತೊಂಬತ್ತು ವರ್ಷ ಮಾವಿನಕಾಯಿ ಹೆಚ್ಚಿದ್ದಳು. ಹೆಚ್ಚುವುದೆಂದರೆ ಮನೆಯಲ್ಲಿ ಈಳಿಗೆಮಣೆ ಹಾಕಿಕೊಂಡು ನಾಲ್ಕು ಹೋಳು ಮಾಡಿದಂತಲ್ಲ. ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ತೋತಾಪುರಿ ರಾಶಿಯ ಮುಂದೆ ನಿಂತು, ವಾಟೆಯ ಸಮೇತ ಕತ್ತರಿಸಿ, ಉಪ್ಪುನೀರಿನ ತೊಟ್ಟಿಗೆ ತಳ್ಳುತ್ತಲೇ ಇರಬೇಕು. ಸೊನೆ ಕೈ ಸುಡುತ್ತದೆ, ಸುಟ್ಟ ಗಾಯಕ್ಕೆ ಉಪ್ಪು ಇಳಿಯುತ್ತದೆ. ಕೈಗವಸು ಕೊಡುವುದಿಲ್ಲ ಎಂದು ಯಾರೂ ದೂರುವಂತಿಲ್ಲ. ತಿಂಗಳಿಗೆ ಒಂದು ಜೊತೆ ಕೊಡುತ್ತಾರೆ, ಅದು ವಾರಕ್ಕೆ ಹರಿಯುತ್ತದೆ. ಹೋಳುಗಳು ಡ್ರಮ್ಮು ಸೇರಿ, ಹಡಗು ಹತ್ತಿ, ಹೆಸರೇ ಗೊತ್ತಿಲ್ಲದ ದೇಶಗಳಿಗೆ ಹೋಗುತ್ತವೆ. ತೊಟ್ಟಿಯ ಉಪ್ಪುನೀರು ಮಾತ್ರ ಊರಿನ ಪಾಲಿಗೆ ಉಳಿಯುತ್ತದೆ.

ಆ ನೀರು ಬರೀ ಉಪ್ಪಾಗಿದ್ದರೆ ಹೇಗೋ ಸಹಿಸಬಹುದಿತ್ತು. ಹುಳಿ, ಸೊನೆ, ಕೊಳೆತ ಸಿಪ್ಪೆ ಎಲ್ಲ ಕರಗಿ, ಗಂಜಿಯ ಹಾಗೆ ಮಂದವಾಗಿ, ಮೂಗು ಮುಚ್ಚಿಕೊಂಡು ಹೋಗುವಂತೆ ನಾರುತ್ತಿತ್ತು. ಎಷ್ಟೋ ವರ್ಷ ಅದು ಕಾರ್ಖಾನೆಯ ಹಿಂದಿನ ಹಳ್ಳಕ್ಕೆ ಹೋಗುತ್ತಿತ್ತು. ತೂಬಿನ ಚಕ್ರ ತಿರುಗಿಸಿದರೆ ಸಾಕು, ಗಳಗಳ ಎಂದು ಖಾಲಿ. ಚಕ್ರ ತಿರುಗಿಸುವ ಪಾಳಿ ಹೆಂಗಸರದೇ. ಬಾನು ಎಷ್ಟು ಸಲ ತಿರುಗಿಸಿದ್ದಳೋ ಅವಳೇ ಲೆಕ್ಕ ಇಟ್ಟಿಲ್ಲ.

ಹಳ್ಳದ ಕೆಳಗೆ ಮುನಿಶಾಮಮ್ಮನ ಹೊಲ. ಹೊಲದ ಮೂಲೆಯಲ್ಲಿ ಅವಳ ಮಾವನ ಕಾಲದ ಕಲ್ಲುಕಟ್ಟಡದ ಬಾವಿ. ನಮ್ಮ ಕಡೆ ಸೇದುವ ಬಾವಿಯಲ್ಲಿ ನೀರಿರುವುದೇ ಒಂದು ಸೋಜಿಗ. ಸುತ್ತಲಿನ ಬಾವಿಗಳೆಲ್ಲ ಬತ್ತಿ ಕಸದ ಗುಂಡಿಗಳಾಗಿದ್ದರೂ ಇದೊಂದು ಬತ್ತಿರಲಿಲ್ಲ. ಮುನಿಶಾಮಮ್ಮನ ಮನೆಯೂ ಬಾನುವಿನ ಮನೆಯೂ ಪಕ್ಕದ ಹಳ್ಳಿಯಲ್ಲಿ ಒಂದೇ ಗೋಡೆಗೆ ಅಂಟಿಕೊಂಡಿವೆ. ಬಾನು ಮದುವೆಯಾಗಿ ಈ ಊರಿಗೆ ಬಂದಾಗ ಅವಳಿಗೆ ಹತ್ತೊಂಬತ್ತು, ಮುನಿಶಾಮಮ್ಮನಿಗೆ ಮೂವತ್ತು ದಾಟಿತ್ತು. ಅವತ್ತಿನಿಂದ 'ಅಕ್ಕಾ', 'ಏನೇ ಬಾನು' ಎನ್ನುವುದರಲ್ಲೇ ಇಪ್ಪತ್ತಾರು ವರ್ಷ ಕಳೆದಿವೆ. ಕಾರ್ಖಾನೆಯಿಂದ ಬಂದ ಬಾನುವಿನ ಕೈಗೆ ಹರಳೆಣ್ಣೆ ಹಚ್ಚಿ ತಿಕ್ಕುತ್ತಾ, ಆ ಕೆಲಸಕ್ಕೂ ಅದರ ಯಜಮಾನನಿಗೂ ತೆಲುಗಿನಲ್ಲಿ ಶಾಪ ಹಾಕುವುದು ಮುನಿಶಾಮಮ್ಮನಿಗೆ ಸಂಜೆಯ ಒಂದು ಕೆಲಸವೇ ಆಗಿತ್ತು.

ಬಾವಿ ಕೆಟ್ಟದ್ದನ್ನು ಮೊದಲು ಕಂಡುಹಿಡಿದದ್ದು ಹಸು. ನೀರಿನ ಬಾನಿಗೆ ಮೂತಿ ಇಟ್ಟದ್ದೇ ತಲೆ ಎತ್ತಿ ದೂರ ಸರಿಯಿತು. ಆಮೇಲೆ ಹಿಪ್ಪುನೇರಳೆ ಎಲೆಯ ಅಂಚು ಬೆಂಕಿ ತಾಗಿದಂತೆ ಕರಕಲಾಯಿತು. ಅನ್ನ ಮಾಡಿದರೆ ಹಳಸಿದ ವಾಸನೆ. ಮೂರು ವರ್ಷ ಮುನಿಶಾಮಮ್ಮ ಎರಡು ಹಸುವಿಗೂ ಮನೆಗೂ ಬೇಕಾದ ನೀರನ್ನು ಊರಾಚೆಯ ನಲ್ಲಿಯಿಂದ ತಲೆಯ ಮೇಲೆ ಹೊತ್ತಳು. ತೂಬು ತಿರುಗಿಸುವ ಹೆಂಗಸರಲ್ಲಿ ಬಾನುವೂ ಒಬ್ಬಳು ಎಂಬುದು ಅವಳಿಗೆ ಗೊತ್ತಿತ್ತು. ಅವಳು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ಬಾನುವಿಗೆ ಎಷ್ಟೋ ಹಗುರವಾಗುತ್ತಿತ್ತು.

ಕೊನೆಗೆ ಊರಿನವರು ರಸ್ತೆಗೆ ಬಂದು ಕೂತರು. ಅಧಿಕಾರಿಗಳು ಬಂದರು, ಶೀಷೆಗಳಲ್ಲಿ ನೀರು ತುಂಬಿಕೊಂಡು ಹೋದರು. ನೀರು ಶುದ್ಧ ಮಾಡಿ, ಇಲ್ಲವೇ ಬೀಗ ಹಾಕಿ ಎಂದು ಕಾಗದ ಬಂತು. ಕಾರ್ಖಾನೆಯವರು ಸಿಮೆಂಟಿನ ತೊಟ್ಟಿ ಕಟ್ಟಿ, ಗಾಳಿ ಊದುವ ಯಂತ್ರ ಕೂರಿಸಿ, ಯಾರೋ ಹೇಳಿದರೆಂದು ಸಗಣಿ ಕದಡಿ ಸುರಿದರು. ಸಗಣಿಯಲ್ಲಿರುವ ಸೂಕ್ಷ್ಮಜೀವಿಗಳು ಕೊಳಕನ್ನು ತಿನ್ನುತ್ತವಂತೆ. ತಿನ್ನುವುದು ಹಾಗಿರಲಿ, ನಾಲ್ಕೇ ದಿನಕ್ಕೆ ಆ ಉಪ್ಪಿನಲ್ಲಿ ಅವುಗಳದ್ದೇ ಉಪ್ಪಿನಕಾಯಿಯಾಯಿತು.

ಆಗ ಬಂದವಳು ಧನಶ್ರೀ. ಬೆಂಗಳೂರಿನ ಯಾವುದೋ ಪ್ರಯೋಗಾಲಯದ ಹುಡುಗಿ, ಮೂಲತಃ ಮಾಲೂರಿನ ಕಡೆಯವಳು. ಎರಡು ನೀಲಿ ಕ್ಯಾನುಗಳಲ್ಲಿ ಕದಡಿದ ಮಜ್ಜಿಗೆಯಂಥದ್ದೇನನ್ನೋ ತಂದಿದ್ದಳು. ತೊಟ್ಟಿ ನೋಡಿಕೊಳ್ಳಲು ಒಬ್ಬರು ಬೇಕು ಎಂದಾಗ, ಬೆರಳು ಮಡಚಿಹೋಗಿ ಕತ್ತಿ ಹಿಡಿಯಲಾಗದೆ ಇದ್ದ ಬಾನುವನ್ನು ಮ್ಯಾನೇಜರ್ ಚನ್ನರಾಯಪ್ಪ ಅವಳ ಜೊತೆ ಕಳಿಸಿದ. ಕೆಲಸಕ್ಕೆ ಬಾರದವರನ್ನು ಹಾಕುವ ಜಾಗ ಅದು ಎಂಬುದು ಅವನ ಅಂದಾಜು.

"ಇವು ಚೌಳು ಮಣ್ಣಿಂದ ತೆಗೆದ, ಕಣ್ಣಿಗ್ ಕಾಣದ ಹುಳ ಆಂಟಿ," ಎಂದಳು ಧನಶ್ರೀ. "ಉಪ್ಪೇ ಇವುಕ್ಕೆ ಮನೆ."

"ಉಪ್ಪು ತಿಂತಾವಾ ಮೇಡಂ?"

"ಉಪ್ಪು ತಿನ್ನಲ್ಲ. ಉಪ್ಪಲ್ಲಿ ಇದ್ಕೊಂಡು ಕೊಳೆತಿದ್ದನ್ನ ತಿಂತಾವೆ. ತಿಂದಾದ್ಮೇಲೆ ನೀರು ತಿಳಿಯಾಗುತ್ತೆ. ಅದನ್ನ ಬಿಸಿಲು ಕಟ್ಟೆಗೆ ಬಿಟ್ರೆ ನೀರು ಆರಿಹೋಗಿ ಉಪ್ಪು ಉಳಿಯುತ್ತೆ. ಹಳ್ಳಕ್ಕೆ ಒಂದ್ ಹನೀನೂ ಹೋಗ್ಬೇಕಾಗಿಲ್ಲ."

"ಇವಿಲ್ದೆ ಹಂಗೇ ಕಟ್ಟೆಗೆ ಬಿಟ್ರೆ?"

"ಮೇಲೆ ಜಿಗಟು ಕೆನೆ ಕಟ್ಟುತ್ತೆ, ಎಷ್ಟು ಬಿಸಿಲಿದ್ರೂ ಆರಲ್ಲ. ಆಮೇಲೆ ಅವ್ರು ಮತ್ತೆ ಹಳ್ಳಕ್ಕೇ ಬಿಡ್ತಾರೆ. ಬೇರೆ ದಾರಿ ಇಲ್ಲ."

ಬಾನುವಿಗೆ ಅರ್ಥವಾಗಬೇಕಾದದ್ದು ಅಷ್ಟರಲ್ಲೇ ಅರ್ಥವಾಯಿತು. ಈ ಮಜ್ಜಿಗೆ ಬದುಕಿದ್ದರೆ ಅಕ್ಕನ ಬಾವಿ ಬದುಕುತ್ತದೆ. ಇದು ಸತ್ತರೆ ಅದೂ ಸಾಯುತ್ತದೆ.

ಓದು ಮೂರನೇ ಕ್ಲಾಸಿಗೆ ನಿಂತಿದ್ದ ಹೆಂಗಸು ತೊಟ್ಟಿಯ ವಿದ್ಯೆಯನ್ನು ಎರಡು ತಿಂಗಳಲ್ಲಿ ಕಲಿತಳು. ಗಾಜಿನ ಜಾಡಿಗೆ ನೀರು ತುಂಬಿ ಅರ್ಧ ಗಂಟೆ ಇಟ್ಟರೆ ಕಂದು ಗಷ್ಟು ಅಡಿಗೆ ಕೂತು ಮೇಲೆ ತಿಳಿ ನಿಲ್ಲಬೇಕು; ನಿಂತರೆ ಹುಳಗಳು ಆರೋಗ್ಯವಾಗಿವೆ ಎಂದರ್ಥ. ತೊಟ್ಟಿ ಹಸಿಮಣ್ಣಿನಂತೆ ಘಮಗುಟ್ಟಬೇಕು, ಕೊಳೆತ ಮೊಟ್ಟೆ ನಾತ ಬರಕೂಡದು. ಕಾಯಿ ಇಲ್ಲದ ತಿಂಗಳುಗಳಲ್ಲಿ ಅವು ಹಸಿದಿರಬಾರದೆಂದು ಬೆಲ್ಲ ಕರಗಿಸಿ ಹಾಕಬೇಕು. ಉಪ್ಪಿನ ಮೀಟರನ್ನು ದಿನಕ್ಕೆ ಎರಡು ಸಲ ಅದ್ದಿ ನೋಡಬೇಕು. ಧನಶ್ರೀ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆದಿದ್ದಳು: ಅರವತ್ತು ದಾಟಬಾರದು. ದಾಟಿದರೆ ಕಾರ್ಖಾನೆಯ ಸವುಳು ಬೋರ್‌ವೆಲ್ಲಿನ ನೀರನ್ನು ಸಣ್ಣ ಧಾರೆಯಲ್ಲಿ ಬಿಡಬೇಕು, ತನಗೆ ಫೋನು ಮಾಡಬೇಕು.

ಬಾನುವಿನ ಒಬ್ಬಳೇ ಮಗಳು ಮದುವೆಯಾಗಿ ಮುಳಬಾಗಿಲು ಸೇರಿದ್ದಳು. ಮನೆಯಲ್ಲಿ ಗಂಡ ಮಹಮ್ಮದ್ ಇಸ್ಮಾಯಿಲ್, ಕಾರ್ಖಾನೆಯ ಕತ್ತಿಗಳಿಗೆ ಸಾಣೆ ಹಿಡಿಯುವವನು. ಬೆಳಗಾದರೆ ಬೆಲ್ಲದ ಡಬ್ಬಿ ಹಿಡಿದು ಓಡುವ ಹೆಂಡತಿಯನ್ನು ಕಂಡು, "ತೇರೆ ಬಚ್ಚ್ಯಾಂಕು ನಾಷ್ಟಾ ಹುವಾ?" ಎಂದು ಕೆಣಕುತ್ತಿದ್ದ, ನಿನ್ನ ಮಕ್ಕಳಿಗೆ ತಿಂಡಿ ಆಯಿತೇ ಎಂದು. ಬಾನು ನಗುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಅವಳಿಗೆ 'ಹುಳದ ಬಾನು' ಎಂದು ಹೆಸರು ಬಿದ್ದಿತ್ತು. ಅದಕ್ಕೂ ಅವಳು ಬೇಜಾರು ಮಾಡಿಕೊಂಡವಳಲ್ಲ. ಹೆಚ್ಚುವ ಕೆಲಸದಲ್ಲಿ ಹತ್ತೊಂಬತ್ತು ವರ್ಷ ಅವಳಿಗೆ ಹೆಸರೇ ಇರಲಿಲ್ಲ, ಹಾಜರಿ ನಂಬರು ಮಾತ್ರ ಇತ್ತು.

ಹಳ್ಳ ಒಣಗಿತು. ಮೇಲಿಂದ ಮೇಲೆ ಎರಡು ಮುಂಗಾರು ಚೆನ್ನಾಗಿ ಹಿಡಿದವು. ಬಾವಿಯ ಹಳೆಯ ನೀರನ್ನು ಪಂಪು ಹಾಕಿ ಮೂರು ಸಲ ಹೊರಗೆ ತೋಡಿದರು. ಎರಡನೇ ವರ್ಷದ ಕೊನೆಗೆ ಧನಶ್ರೀ ನೀರು ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ, ಕುಡಿಯಬಹುದು ಎಂದು ಚೀಟಿ ಕಳಿಸಿದಳು. ಮುನಿಶಾಮಮ್ಮ ಚೀಟಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಕಾಗ್ದ ನಂಗ್ಯಾಕೆ? ನೀನ್ ಹೇಳು ಬಾನು. ಕುಡಿಸ್ಲಾ?"

ಬಾನು ತಾನೇ ಒಂದು ಚೊಂಬು ಎತ್ತಿ ಕುಡಿದಳು. "ಕುಡ್ಸು ಅಕ್ಕಾ. ನಾನಿದೀನಿ," ಎಂದಳು. ಹಸು ಬಾನಿಗೆ ಮೂತಿ ಇಟ್ಟು, ಒಂದು ಗಳಿಗೆ ಅನುಮಾನಿಸಿ, ಆಮೇಲೆ ಸೊರಸೊರ ಎಂದು ಕುಡಿಯತೊಡಗಿತು. ಮುನಿಶಾಮಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ಬಾನು ನೋಡಿಯೂ ನೋಡದಂತೆ ನಿಂತಳು. ಅವಳ ಬದುಕಿನಲ್ಲಿ ಅಷ್ಟು ದೊಡ್ಡ ಸಂತೋಷ ಅದಕ್ಕೆ ಮುಂಚೆ ಬಂದಿರಲಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ.

ಆಮೇಲೆ ಆ ಏಪ್ರಿಲ್ ಬಂತು.

ರಂಜಾನ್ ತಿಂಗಳು, ಕಾಯಿಯ ಸುಗ್ಗಿ, ತಲೆ ಒಡೆಯುವ ಬಿಸಿಲು, ಮೂರೂ ಒಟ್ಟಿಗೆ. ಬೋರ್‌ವೆಲ್ಲಿನ ಮೋಟರು ಸುಟ್ಟು ನಾಲ್ಕು ದಿನವಾಗಿತ್ತು. ಸರಿಮಾಡಿಸೋಣ, ಸರಿಮಾಡಿಸೋಣ ಎಂದು ಚನ್ನರಾಯಪ್ಪ ಫೋನಿನಲ್ಲೇ ಸರಿಮಾಡಿಸುತ್ತಿದ್ದ. ತೊಟ್ಟಿಯ ನೀರು ಬಿಸಿಲಿಗೆ ಆರಿ ಆರಿ ಮೊಣಕಾಲಿನಷ್ಟಕ್ಕೆ ಇಳಿದಿತ್ತು. ಮೀಟರು ಅದ್ದಿದರೆ ಅರವತ್ತೆಂಟು. ಧನಶ್ರೀಯ ಫೋನು ಸ್ವಿಚ್ ಆಫ್. ಬೆಳಗಿನ ಜಾವದ ಸಹರಿಯಲ್ಲಿ ಕುಡಿದ ನೀರು ಬಿಟ್ಟರೆ ಒಂದು ಹನಿ ಇಳಿಯದ ಗಂಟಲಿನಲ್ಲಿ ಬಾನು ತೊಟ್ಟಿಯ ಅಂಚಿಗೆ ಕೂತು, ಮಂಕಾಗಿ ಗುಳುಗುಳು ಎನ್ನುತ್ತಿದ್ದ ನೀರನ್ನು ನೋಡುತ್ತಿದ್ದಳು. ತನ್ನ ಬಾಯಿ ಹೇಗೆ ಒಣಗಿತ್ತೋ ಅವೂ ಹಾಗೇ ಒಣಗುತ್ತಿವೆ ಎನಿಸಿ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ಅಫ್ಸರ್ ಬಂದ. ಬಾನುವಿನ ಒಡಹುಟ್ಟಿದ ಅಕ್ಕನ ಮಗ, ನಂಗಲಿಯವನು, ನೀರಿನ ಟ್ಯಾಂಕರು ಓಡಿಸುತ್ತಾನೆ. ಹೊರದೇಶದ ಕೊಳ್ಳುವವರು ಬರುತ್ತಾರೆಂದು ಆಫೀಸಿಗೂ ಅತಿಥಿಗಳ ಕೋಣೆಗೂ ಸಿಹಿನೀರು ತರಿಸಿದ್ದರು. ಎಲ್ಲ ತುಂಬಿಯೂ ಅರ್ಧ ಟ್ಯಾಂಕರು ಉಳಿದಿತ್ತು.

"ಖಾಲಾ, ಇದನ್ನ ಮೋರಿಗೆ ಬಿಟ್ಟು ಹೋಗ್ತೀನಿ. ಇನ್ನೊಂದ್ ಲೋಡ್ ತುಂಬ್ಬೇಕು."

"ಮೋರಿಗಾ? ಸಿಹಿನೀರ್ನ ಮೋರಿಗ್ ಬಿಡ್ತೀಯೇನೋ? ದೇವ್ರು ಮೆಚ್ತಾನಾ?"

"ಮತ್ತೇನ್ ಮಾಡ್ಲಿ?"

ಸಿಹಿನೀರು. ಆ ಮಾತಿನಲ್ಲೇ ಇದೆ ನೋಡಿ ಎಲ್ಲ. ನಮ್ಮ ಜಿಲ್ಲೆಯಲ್ಲಿ ನೀರೆಂದರೆ ಎರಡೇ ಜಾತಿ, ಉಪ್ಪುನೀರು ಮತ್ತು ಸಿಹಿನೀರು. ಉಪ್ಪುನೀರು ಬಟ್ಟೆಗೆ, ಪಾತ್ರೆಗೆ. ಸಿಹಿನೀರು ಮಕ್ಕಳಿಗೆ, ನೆಂಟರಿಗೆ, ರೋಗಿಗಳಿಗೆ, ಸಾಯುವವರ ಬಾಯಿಗೆ. ಸಿಹಿನೀರಿನಿಂದ ಯಾರಿಗಾದರೂ ಕೆಡುಕಾದೀತು ಎಂದು ಇಲ್ಲಿ ಹುಟ್ಟಿದ ಯಾವ ಜೀವಕ್ಕೂ ಹೊಳೆಯುವುದಿಲ್ಲ. ರೋಜಾದ ಉಪವಾಸದ ದಿನ ಬಾಯಾರಿದವರಿಗೆ ನೀರು ಕೊಡುವುದಕ್ಕಿಂತ ದೊಡ್ಡ ಪುಣ್ಯವಿಲ್ಲ ಎಂದು ಬಾನು ಚಿಕ್ಕಂದಿನಿಂದ ಕೇಳಿಕೊಂಡು ಬಂದವಳು.

"ಪೈಪ್ ಇಲ್ಲಿಗ್ ತಗೊಂಬಾರೋ," ಎಂದಳು.

ಹತ್ತೇ ನಿಮಿಷದಲ್ಲಿ ಅರ್ಧ ಟ್ಯಾಂಕರು ತೊಟ್ಟಿಗೆ ಇಳಿಯಿತು. ತೊಟ್ಟಿ ಸೊಂಟದವರೆಗೆ ತುಂಬಿ ಹೊಳೆಯಿತು. ಮೀಟರು ಅದ್ದಿದರೆ ಇಪ್ಪತ್ತೇಳು. ಗೋಡೆಯ ಮೇಲಿನ ಅರವತ್ತಕ್ಕಿಂತ ಅದೆಷ್ಟೋ ಕೆಳಗೆ! ಬಾನುವಿನ ಎದೆ ತಣ್ಣಗಾಯಿತು. ಅಂದು ಸಂಜೆ ಇಫ್ತಾರಿನ ನೀರು ಅವಳಿಗೆ ಎಂದಿಗಿಂತ ರುಚಿಸಿತು.

ಮರುದಿನ ಬೆಳಗ್ಗೆ ತೊಟ್ಟಿಯ ಮೇಲೆ ಎದೆಯೆತ್ತರ ನೊರೆ ನಿಂತಿತ್ತು. ಬೆಳ್ಳನೆಯ, ಜಿಗಟಾದ ನೊರೆ ಅಂಚು ಮೀರಿ ನೆಲದ ಮೇಲೆ ಹರಿಯುತ್ತಿತ್ತು. ಬಾನು ಜಾಡಿಗೆ ನೀರು ಹಿಡಿದಳು. ಅರ್ಧ ಗಂಟೆ ಕಾದಳು, ಒಂದು ಗಂಟೆ ಕಾದಳು. ಏನೂ ಅಡಿಗೆ ಕೂರಲಿಲ್ಲ. ಜಾಡಿ ತುಂಬಾ ಅಕ್ಕಿ ತೊಳೆದ ನೀರಿನಂಥ ಕದಡು. ಹಸಿಮಣ್ಣಿನ ವಾಸನೆ ಹೋಗಿತ್ತು.

ಹನ್ನೊಂದಕ್ಕೆ ಧನಶ್ರೀಯ ಫೋನು ಸಿಕ್ಕಿತು. ಬಾನು ನಡೆದದ್ದನ್ನೆಲ್ಲ ಹೇಳಿದಳು.

"ಆಂಟಿ, ಅವು ಒಡೆದು ಹೋದ್ವು," ಎಂದಳು ಧನಶ್ರೀ. "ಅವುಗಳ ಮೈ ಆ ಉಪ್ಪಿಗೇ ಒಗ್ಗಿತ್ತು. ಒಂದೇ ಸಲ ಸಪ್ಪೆ ನೀರು ಬಂದ್ರೆ ಅದು ಒಳಗ್ ನುಗ್ಗುತ್ತೆ. ಉಬ್ಬಿ ಒಡೆದ್ಹೋಗ್ತಾವೆ. ಆ ನೊರೆ ಇದ್ಯಲ್ಲ, ಅದು ಅವುಗಳ ಮೈಯೇ."

"ಅರವತ್ತು ದಾಟಬಾರ್ದು ಅಂತ ಬರೆದಿದ್ರಿ ಮೇಡಂ. ಕೆಳಗ್ ಇಳೀಬಾರ್ದು ಅಂತ ಬರೆದಿರ್ಲಿಲ್ವಲ್ಲ."

"ಬರೀಲಿಲ್ಲ. ನಮ್ ಕಡೆ ಸಿಹಿನೀರನ್ನ ಕೊಳಚೆ ತೊಟ್ಟಿಗೆ ಯಾರು ಸುರೀತಾರೆ ಅಂದ್ಕೊಂಡೆ ಆಂಟಿ. ತಪ್ಪು ನಂದು."

ಅದು ದೊಡ್ಡ ಮನಸ್ಸಿನ ಮಾತು, ಆದರೆ ಸತ್ತದ್ದು ಅದರಿಂದ ಬದುಕಲಿಲ್ಲ. ಹೊಸದಾಗಿ ತಂದು ಬೆಳೆಸಿ ಆ ಉಪ್ಪಿಗೆ ಒಗ್ಗಿಸಲು ಎರಡು ತಿಂಗಳು ಬೇಕು ಎಂದಳು. ಎರಡು ತಿಂಗಳು! ಗೇಟಿನ ಹೊರಗೆ ಕಾಯಿ ತುಂಬಿದ ಹದಿನಾರು ಲಾರಿಗಳು ಸಾಲಾಗಿ ನಿಂತಿದ್ದವು. ಹಳೆಯ ಉಪ್ಪುನೀರು ತೊಟ್ಟಿಗಳಲ್ಲಿ ಕಂಠದವರೆಗೆ ತುಂಬಿತ್ತು. ಅದನ್ನು ಖಾಲಿ ಮಾಡದೆ ಹೊಸ ಹೋಳು ಹಾಕಲು ಜಾಗವಿಲ್ಲ.

ಚನ್ನರಾಯಪ್ಪ ಬಯ್ಯಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. ಕುರ್ಚಿ ಕೊಟ್ಟು ಕೂರಿಸಿದ.

"ಆಗಿದ್ದು ಆಯ್ತು ಬಾನಮ್ಮ. ನಿನ್ ಹೆಸರು ಎಲ್ಲೂ ಬರಲ್ಲ. ಕರೆಂಟ್ ಕೈಕೊಟ್ತು, ಯಂತ್ರ ನಿಂತೋಯ್ತು ಅಂತ ಬರೀತೀನಿ. ಒಂದ್ ಮೂರ್ ದಿನ ಹಳ್ಳಕ್ಕೆ ಬಿಡೋಣ. ನೀನು ಊರಲ್ಲಿ ಬಾಯ್ ಬಿಡ್ಬೇಡ, ಅಷ್ಟೇ."

"ಮೂರು ದಿನಕ್ಕೆ ಮುಗಿಯಲ್ಲ ಸಾರ್."

"ಮುಗ್ದಿಲ್ಲಾಂದ್ರೆ ಆಗ ನೋಡೋಣ. ನೂರಾ ನಲವತ್ತು ಹೆಂಗಸ್ರು ಹೊರಗ್ ನಿಂತವ್ರೆ. ನಿನ್ ಜೊತೆ ಹೆಚ್ದೋರೇ ಅಲ್ವಾ? ಅವ್ರ ಸುಗ್ಗಿ ಕೂಲಿ ಹೋಗ್ಲಿ ಅಂತೀಯಾ?"

ನಿಜವೇ. ಹೆಂಗಸರು ಶೆಡ್ಡಿನ ನೆರಳಿನಲ್ಲಿ ಕತ್ತಿ ಮಡಿಲಲ್ಲಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದರು. ತೂಬಿನ ಚಕ್ರ ಎರಡು ವರ್ಷದಿಂದ ತಿರುಗದೆ ತುಕ್ಕು ಹಿಡಿದಿತ್ತು. "ನಿಂಗೇ ಗೊತ್ತಲ್ಲ ಅದ್ರ ಮರ್ಮ, ತಿರುಗ್ಸಮ್ಮ," ಎಂದ ಚನ್ನರಾಯಪ್ಪ. ಬಾನು ಆಗುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಬಡವರ ಮೇಲೆ ಕನಿಕರವಿಟ್ಟು ಬರೆಯುವವರು ಇಲ್ಲಿ ಅವಳ ಕೈ ತಾನಾಗಿ ತಿರುಗಿತು ಎಂದು ಬರೆದಾರು. ಹಾಗಲ್ಲ. ಮಡಚಿದ ಬೆರಳುಗಳು ಸಾಲದೆ, ಮೊಣಕೈ ಕೊಟ್ಟು, ಮೈಭಾರವೆಲ್ಲ ಹಾಕಿ, ಪೂರ್ತಿ ಎಚ್ಚರದಲ್ಲಿ ತಿರುಗಿಸಿದಳು. ನೀರು ಗಳಗಳ ಎಂದು ಹಳ್ಳಕ್ಕೆ ಬಿತ್ತು.

ಸಂಜೆ ಪಾಳಿ ಮುಗಿದ ಮೇಲೆ ಅವಳು ಮನೆಗೆ ಹೋಗಲಿಲ್ಲ. ಬಾಯಿ ಮುಚ್ಚಿಕೊಂಡಿರು ಎಂದವರ ಮಾತು ಕೇಳಿ ಅರ್ಧ ದಾರಿಯವರೆಗೂ ಬಂದಳು. ಮುಂದಕ್ಕೆ ಕಾಲು ಏಳಲಿಲ್ಲ. ಹೊಲದ ಕಡೆ ತಿರುಗಿದಳು.

ಮುನಿಶಾಮಮ್ಮ ಬಾವಿಕಟ್ಟೆಯ ಮೇಲೆ ನಿಂತು ಸಂಜೆಯ ನೀರು ಸೇದುತ್ತಿದ್ದಳು. ಸೊಸೆ ರಜನಿ ಹಸುವಿನ ಬಾನಿಗೆ ತುಂಬುತ್ತಿದ್ದಳು.

"ಏನೇ ಬಾನು, ಈ ಹೊತ್ನಲ್ಲಿ? ಒಕ್ಕಪೊದ್ದು ಇದ್ದೀಯ, ಮನೆಗ್ ಹೋಗಿ ಏನಾದ್ರೂ ಬಾಯ್ಗ್ ಹಾಕ್ಕೊಬಾರ್ದಾ?" ಎಂದಳು. ರೋಜಾವನ್ನು ಅವಳು ಯಾವಾಗಲೂ ಒಕ್ಕಪೊದ್ದು ಎಂದೇ ಅನ್ನುವುದು.

"ಅಕ್ಕಾ, ಹುಳ ಸತ್ತೋದ್ವು."

ಹಗ್ಗ ನಿಂತಿತು. "ಎಲ್ಲಾನಾ?"

"ಎಲ್ಲಾ. ನಾನೇ ಸಾಯಿಸ್ದೆ. ಉಪ್ಪು ಜಾಸ್ತಿ ಆಯ್ತು ಅಂತ ಸಿಹಿನೀರು ಬಿಟ್ಟೆ."

"ಸಿಹಿನೀರು ಬಿಟ್ರೆ ಯಾರಾನಾ ಸಾಯ್ತಾರೇನೇ?" ಮುನಿಶಾಮಮ್ಮ ನಿಜವಾಗಿಯೂ ಕೇಳುತ್ತಿದ್ದಳು. ಮುನಿಶಾಮಮ್ಮನ ಕಣ್ಣು ಹೊಲ ದಾಟಿ ಹಳ್ಳದ ಕಡೆ ಹೋಯಿತು. "ತೂಬು ತೆಗೆದ್ರಾ?"

"ತೆಗೆದ್ರು."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಬಾನುವಿಗೆ ನಿಲ್ಲಿಸಲಾಗಲಿಲ್ಲ. "ತೆಗೆದಿದ್ದೂ ನಾನೇ ಅಕ್ಕಾ," ಎಂದಳು.

ಮುನಿಶಾಮಮ್ಮ ಕೊಡದ ನೀರನ್ನು ಬಿಂದಿಗೆಗೆ ಸುರಿದಳು. "ಎಷ್ಟ್ ದಿನ ಐತೆ ನಮ್ಗೆ?" ಎಂದು ಕೇಳಿದಳು.

"ಎಂಟ್ ದಿನ ಇರ್ಬೋದು. ಹತ್ತು."

ಊರಿನ ಮಸೀದಿಯಿಂದ ಬಾಂಗು ಕೇಳಿಸಿತು. ಮುನಿಶಾಮಮ್ಮ ಚೊಂಬು ಬಗ್ಗಿಸಿ, "ಹಿಡಿ," ಎಂದಳು. ಬಾನು ಎರಡೂ ಕೈ ಬೊಗಸೆ ಮಾಡಿದಳು. ಮಡಚಿದ ಬೆರಳುಗಳ ಸಂದಿಯಿಂದ ಅರ್ಧ ನೀರು ಸೋರಿಹೋಯಿತು, ಉಳಿದದ್ದನ್ನು ಕುಡಿದಳು. ಮುನಿಶಾಮಮ್ಮ ಅವಳ ಗಂಟಲಿಗೆ ನೀರು ಇಳಿಯುವವರೆಗೆ ಕಾದು, ಆಮೇಲೆ ಸೊಸೆಯ ಕಡೆ ತಿರುಗಿದಳು.

"ಲೇ ರಜನೀ, ಮನೇಲಿರೋ ಬಿಂದಿಗೆ, ಹಂಡೆ, ಡ್ರಮ್ಮು, ಎಲ್ಲಾ ತಾರೇ. ಹಸು ಮುಸುರೆ ಬಾನಿನೂ ತೊಳ್ದು ತಾ. ಒಂದೂ ಬಿಡ್ಬೇಡ."

ರಜನಿ ಓಡಿದಳು, ಹೊತ್ತು ತಂದಳು, ಮತ್ತೆ ಓಡಿದಳು. ಬಾವಿಕಟ್ಟೆಯ ಸುತ್ತ ಪಾತ್ರೆಗಳು ಸಾಲಾಗಿ ಕೂತವು. ಅರವತ್ತರ ಹತ್ತಿರದ ಮುನಿಶಾಮಮ್ಮ ಒಂದರ ಹಿಂದೊಂದು ಕೊಡ ಸೇದಿ ಸುರಿಯುತ್ತಿದ್ದಳು. ಅವಳ ಏದುಸಿರು ಕೇಳುತ್ತಿತ್ತು. ಬಾನು ಕಟ್ಟೆ ಹತ್ತಿ, ಎಂದಿನಂತೆ ಎದುರು ನಿಂತು, ಹಗ್ಗಕ್ಕೆ ಕೈ ಹಾಕಿದಳು.

ಮುನಿಶಾಮಮ್ಮ ಸೇದುವುದನ್ನು ನಿಲ್ಲಿಸಿದಳು. ಬಾನುವಿನ ಮುಖ ನೋಡಲಿಲ್ಲ, ಹಗ್ಗದ ಮೇಲಿದ್ದ ಅವಳ ಕೈ ನೋಡಿದಳು.

"ಬಿಡಿ," ಎಂದಳು. "ನಾವು ಸೇದ್ಕೋತೀವಿ. ನೀವ್ ಹೋಗಿ."

ಇಪ್ಪತ್ತಾರು ವರ್ಷದಲ್ಲಿ ಮುನಿಶಾಮಮ್ಮ ಅವಳನ್ನು 'ನೀವು' ಎಂದು ಕರೆದದ್ದು ಅದೇ ಮೊದಲು. ಬಾನು ಹಗ್ಗ ಬಿಟ್ಟು ಕಟ್ಟೆ ಇಳಿದಳು.